ನೀರು ಕುಡಿಯದ ಗುಡ್ಡ

“ಮೂವತ್ತು ಕಡೆ ಅಳೆದರೂ ಒಂದೇ ಉತ್ತರ! ಈ ಗುಡ್ಡ ತೊಟ್ಟು ನೀರೂ ಕುಡಿಯಲ್ಲ ಕಣಯ್ಯಾ!” ಪ್ರೊಫೆಸರ್ ಮೇಜು ತಟ್ಟಿದರು. ಪರದೆಯ ಮೇಲೆ ಮೂವತ್ತು ಚುಕ್ಕಿಗಳು ಹೆಡ್‌ಮಾಸ್ಟರ್ ಕಂಡ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.

ಅಡಿಗೊಂದು ಬಗೆಯ ಮಣ್ಣಿರುವ ನೆಲದಲ್ಲಿ ನೀರು ಹೇಗೆ ಇಂಗುತ್ತದೆ ಎಂದು ಹೇಳುವ ಗಣಿತಕ್ಕಾಗಿ ಅವರು ಹನ್ನೊಂದು ವರ್ಷ ತಲೆಗೂದಲು ಉದುರಿಸಿಕೊಂಡಿದ್ದರು. ಅಂಥ ನೆಲ ಮೂವತ್ತು ಕಡೆಯೂ ಒಂದೇ ಥರ ನಡೆದುಕೊಂಡಿತಲ್ಲ ಎಂದು ಒಂದು ಗಳಿಗೆ ಅನುಮಾನ ಬಂದಿತ್ತಂತೆ. ದೊಡ್ಡ ಮನುಷ್ಯರು, ಅನುಮಾನವನ್ನು ಅಲ್ಲೇ ಕ್ಷಮಿಸಿಬಿಟ್ಟರು.

ಪಕ್ಕದಲ್ಲಿ ಲ್ಯಾಬಿನ ಅಟೆಂಡರ್ ವರದಿಯ ಪ್ರತಿಗಳಿಗೆ ಪಿನ್ ಹೊಡೆಯುತ್ತಿದ್ದ. ಗುಡ್ಡದ ಮೇಲೆ ಅಗಲವಾದ ಕಬ್ಬಿಣದ ಬಳೆಯನ್ನು ನೆಲಕ್ಕೆ ಬಡಿದು ಕೂರಿಸಿ, ಅದರೊಳಗೆ ನೀರು ಸುರಿದು, ಎಷ್ಟು ಹೊತ್ತಿಗೆ ಇಂಗಿತು ಎಂದು ಬರೆದುಕೊಂಡು ಬಂದವನು ಅವನೇ.

“ಇದರಿಂದ ಏನಾಗುತ್ತೆ ಸಾರ್?”

“ನಗರಸಭೆಯವರು ಗುಡ್ಡಕ್ಕೆಲ್ಲ ಕಾಂಕ್ರೀಟ್ ಹಾಕಿ ಕಾರು ನಿಲ್ಲಿಸ್ತಾರೆ. ಹೇಗೂ ನೀರು ಇಂಗಲ್ಲ, ನಷ್ಟವೇನು?”

“ಬಿದ್ದ ಮಳೆ?”

“ಈಗ ಹರಿಯೋ ಹಾಗೇ ಹರಿಯುತ್ತೆ. ಕೆಳಗಿನ ಬೀದಿಗೆ.”

ಅಟೆಂಡರನ ಕೈ ನಿಂತಿತು. “ಈಗ ಅಲ್ಲಿಗೆ ಒಂದು ಚೊಂಬು ನೀರೂ ಬರಲ್ಲ ಸಾರ್. ನಮ್ಮನೆ ಅಲ್ಲೇ ಇರೋದು.”

“ಮತ್ತೆ ನೀನು ಅಳೆದದ್ದು?”

ಅವನು ತಲೆ ಕೆರೆದುಕೊಂಡ. “ಇಪ್ಪತ್ತು ಲೀಟರ್ ಕ್ಯಾನ್ ಹೊತ್ಕೊಂಡು ಮುಳ್ಳುಪೊದೆಯೊಳಗೆ ಯಾರು ನುಗ್ತಾರೆ ಸಾರ್? ಮೂವತ್ತೂ ಕಾಲುದಾರಿ ಮೇಲೇ ಅಳೆದೆ. ಜನ ತುಳಿದೂ ತುಳಿದೂ ಅದು ಕಲ್ಲಾಗಿದೆ. ಮಿಕ್ಕ ನೀರನ್ನ ಪೊದೆಯೊಳಗೆ ಚೆಲ್ಲಿದ್ರೆ ಗಟಗಟ ಅಂತ ಕುಡೀತಿತ್ತು. ತಪ್ಪಾಯ್ತು ಸಾರ್, ದಮ್ಮಯ್ಯ, ಮತ್ತೆ ಅಳೀತೀನಿ. ಮನೇಲಿ ಮಗಳು ಬಾಣಂತಿ. ಗುಡ್ಡದ ನೀರೆಲ್ಲ ನುಗ್ಗಿದ್ರೆ ಕೂಸನ್ನ ಎಲ್ಲಿ ಮಲಗಿಸಲಿ?”

ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಸುಲಭ. ಆದರೆ ಮಾಡಿದವನು ಒಬ್ಬ, ಉಣ್ಣಬೇಕಾದವರು ಬೀದಿ ತುಂಬ.

ಪ್ರೊಫೆಸರ್ ಬೆವರಿದರು, ಸುಳ್ಳೇಕೆ ಹೇಳಲಿ. ಬೀದಿ ಮುಳುಗುತ್ತದಲ್ಲ ಎಂದಲ್ಲ, ಮತ್ತೆ ಅಳೆದರೆ ಪರದೆಯ ಮೇಲಿನ ಚುಕ್ಕಿಗಳ ಗೆರೆ ಸೊಟ್ಟಗಾಗುತ್ತದಲ್ಲ ಎಂದು. ಎದ್ದು ಬಂದು ಅಟೆಂಡರನ ಹೆಗಲ ಮೇಲೆ ಕೈಯಿಟ್ಟರು. ಇಷ್ಟು ವರ್ಷದಲ್ಲಿ ಅವನನ್ನು ಅಷ್ಟು ಅಕ್ಕರೆಯಿಂದ ಮಾತಾಡಿಸಿದ್ದು ಅದೇ ಮೊದಲು.

“ನೋಡಪ್ಪಾ, ವರದಿ ನಾಳೆಯೇ ಕೊಡಬೇಕು. ಮನೆ ಬದಲಾಯಿಸೋಕೆ ನಿನಗೆ ಮಳೆಗಾಲದವರೆಗೂ ಟೈಮಿದೆ.”