ಮುಂದೆ ಹೋದ ಮುಹೂರ್ತ

"ಹೊಲಿಗಿ ಎಷ್ಟ ಬಿದ್ದಾವ? ಲುಂಗಿ ಸರಿಸು ತಮ್ಮಾ, ನೋಡೂಣು," ಎಂದು ಸಿದ್ದಲಿಂಗವ್ವ ಮಂಚದ ತುದಿಗೆ ಕುಳಿತು ಕೈ ಚಾಚಿದಾಗ ಶ್ರೀಶೈಲನಿಗೆ ಜೀವ ಬಾಯಿಗೆ ಬಂತು. ಎರಡೂ ಕೈಯಿಂದ ಲುಂಗಿಯನ್ನು ಮೈಗೆ ತಾಗದಂತೆ ಎತ್ತಿ, ಗಟ್ಟಿಯಾಗಿ ಹಿಡಿದು ಗೋಡೆಗೆ ಸರಿದ.

ಸಿದ್ದಲಿಂಗವ್ವ ಅವನು ಮದುವೆಯಾಗಲಿರುವ ಶೈಲಜಾಳ ಅಜ್ಜಿ. ಬೀಗರಾಗುವವರ ಮನೆಯಲ್ಲಿ ಆಪರೇಶನ್ ಆಗಿದೆ ಎಂದರೆ ಹೋಗಿ ಮಾತಾಡಿಸದೆ ಇರಲಿಕ್ಕೆ ಆಗುತ್ತದೆಯೇ? ಮೊಮ್ಮಗಳ ಕೈ ಹಿಡಿದುಕೊಂಡು, ಒಂದು ಚೀಲ ಮೋಸಂಬಿ ಹೊರಿಸಿಕೊಂಡು, ಸಂಪಗಾಂವದಿಂದ ಕಿತ್ತೂರಿಗೆ ಬಸ್ಸಿನಲ್ಲಿ ಬಂದಿದ್ದಳು. ಮಾತಾಡಿಸಲು ಬಂದವರು ಹೊಲಿಗೆ ನೋಡದೆ ಹೊರಟರೆ ಅದೆಂಥ ಕಾಳಜಿ? ತನ್ನ ಹೊಟ್ಟೆಯ ಹೊಲಿಗೆಯನ್ನು ಅವಳು ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ತೋರಿಸಿ ಬಂದವಳು.

"ಹರ್ನಿಯಾ ಹೊಲಿಗೀಗೆ ಗಾಳಿ ಬಡೀಬಾರದಂತಬೇ," ಎಂದು ಬಾಗಿಲಲ್ಲಿ ನಿಂತಿದ್ದ ಶ್ರೀಶೈಲನ ಅಪ್ಪ ಮಡಿವಾಳೆಪ್ಪ ಅಡ್ಡ ಬಂದ. "ಬರ್ರಿ, ಹಿತ್ತಲದಾಗ ಎಮ್ಮಿ ಈದೈತಿ, ಕರಾ ನೋಡೀರಂತ." ಪಾಪ, ಅವನಿಗೆ ಗೊತ್ತಿದ್ದದ್ದೂ ಹರ್ನಿಯಾ ಒಂದೇ. ಅದು ಶ್ರೀಶೈಲ ಮನೆಮಂದಿಗೆಲ್ಲ ಕಟ್ಟಿದ ಕಥೆ. ಅಜ್ಜಿ ಗೊಣಗುತ್ತ ಎದ್ದಳು. ಮೋಸಂಬಿ ಸುಲಿಯುವ ನೆವದಲ್ಲಿ ಶೈಲಜಾ ಉಳಿದಳು.

ಲಗ್ನಕ್ಕೆ ಇನ್ನು ಮೂರೇ ವಾರ. ಡಾಕ್ಟರು ತಡೆದಿರಲು ಹೇಳಿದ್ದು ಒಂದೂವರೆ ತಿಂಗಳು. ಹರ್ನಿಯಾ ಹದಿನೈದು ದಿನದಲ್ಲಿ ವಾಸಿಯಾಗುತ್ತದೆ ಎಂದು ಮನೆಯಲ್ಲಿ ತಾನೇ ಹೇಳಿಬಿಟ್ಟಿದ್ದ. ಕಾರಣ ಹೇಳದೆ ಮುಂದೂಡಿದರೆ, ಹುಡುಗಿ ಮನಸ್ಸಿಗೆ ಬಂದಿಲ್ಲವೇನೋ ಎಂದು ಅವರ ಕಡೆಯವರು ಸಂಬಂಧವನ್ನೇ ಮುರಿದುಕೊಂಡಾರು. ಕಾರಣ ಹೇಳಿದರೆ ಇಡೀ ಕಿತ್ತೂರು ಹೈವೇ ಬದಿಯ ಅವನ ಎಸ್‌ಟಿಡಿ ಬೂತಿನಲ್ಲೇ ಸಾಲು ಹಚ್ಚಿ, ಊರೂರಿಗೆ ಫೋನ್ ಮಾಡಿ ನಗುತ್ತದೆ. ನಕ್ಕರೆ ನಗಲಿ ಎನ್ನಬಹುದಿತ್ತು. ಆದರೆ ಶೈಲಜಾಳನ್ನು ಕಳೆದುಕೊಳ್ಳುವುದು ಅವನಿಂದ ಆಗದ ಮಾತು. ನೋಡಿದ ದಿನದಿಂದ ಅವಳೆಂದರೆ ಅವನಿಗೆ ಪ್ರಾಣ.

"ಹರ್ನಿಯಾ ಅಲ್ಲ," ಎಂದ ತಲೆ ತಗ್ಗಿಸಿ.

"ಗೊತ್ತಾತು. ಹರ್ನಿಯಾ ಆದವರು ಹಿಂಗ ಡೇರೆ ಹೊಡದಂಗ ಲುಂಗಿ ಎತ್ತಿ ಹಿಡಿಯೂದಿಲ್ಲ." ಅವಳ ದನಿ ಸಣ್ಣಗಾಯಿತು. "ಏನರ ದೊಡ್ಡ ಬ್ಯಾನಿ ಐತೇನ್ರಿ?"

"ಬ್ಯಾನಿ ಅಲ್ಲ. ಮುಂದಿನ ತೊಗಲು ಬಿಗದಿತ್ತು. ಒಂದಕ್ಕ ಹೋದ್ರ ಉರಿ. ಲಗ್ನಕ್ಕ ಮೊದಲ ತಗಿಸಿಬಿಡು ಅಂದ್ರು ಡಾಕ್ಟರು. ನಾ ನಾಚಿಕೊಂಡು ಇಲ್ಲೀಮಟಾ ತಂದೆ."

ಶೈಲಜಾ ಯೋಚಿಸಿದಳು. "ನಮ್ಮ ಓಣ್ಯಾಗ ನದಾಫರ ಹುಡುಗಗ ಸುನ್ನತಿ ಮಾಡಿದ್ರಲ್ಲ, ಅದ ಏನ್ರಿ?"

"ಹೂಂ, ಅದ."

"ಅಷ್ಟಕ್ಕ ಇಷ್ಟ ದೊಡ್ಡ ಹರ್ನಿಯಾ ಯಾಕ ಬೇಕಿತ್ತು? ಅಂವ ವಾರದಾಗ ಗೋಲಿ ಆಡಾಕ ಹತ್ತಿದ್ದ."

"ದೊಡ್ಡವರಿಗೆ ತಡಾ ಆಗತೈತಂತ."

ಅವಳು ನಕ್ಕಳು. ಆ ನಗುವಿಗೆ ಶ್ರೀಶೈಲನ ಎದೆಯ ಮೇಲಿನ ಭಾರ ಇಳಿದು ಬಾಯಿ ಬಿಚ್ಚಿತು. ಸೂಜಿ ಚುಚ್ಚುವಾಗ ಮಾತ್ರ ಕಣ್ಣಲ್ಲಿ ನೀರು ಬಂದಿತ್ತಂತೆ. ಆಮೇಲೆ ಮುಟ್ಟಿದ್ದೂ ಗೊತ್ತಾಗಲಿಲ್ಲ, ಡಾಕ್ಟರು ಕ್ರಿಕೆಟ್ ಮಾತಾಡುತ್ತಲೇ ಮುಗಿಸಿ ಸಂಜೆಗೆ ಮನೆಗೆ ಕಳಿಸಿದರು. ಮರುದಿನ ಬಾವು ನೋಡಿ ಹೆದರಿ, ಕಾಲಗಲಿಸಿ ನಡೆಯುತ್ತ ಬೂತಿಗೆ ಹೋಗಿ ಫೋನ್ ಹಚ್ಚಿದರೆ, "ಬಾವು ಬರೋದೇ, ತಾನೇ ಇಳಿಯುತ್ತದೆ, ಫೋನ್ ಇಡು" ಎಂದರು. ಹೊಲಿಗೆ ತಾವಾಗಿಯೇ ಉದುರುತ್ತವೆ. ಬಟ್ಟೆ ಸಡಿಲ ಇರಬೇಕು, ಗಾಯ ಒಣಗಿರಬೇಕು, ಸದ್ಯಕ್ಕೆ ಮೋಟರ್‌ಸೈಕಲ್ ಇಲ್ಲ. ಎಲ್ಲವನ್ನೂ ಹೇಳಿದ. ಬೆಳಗಿನ ಜಾವ ನಿದ್ದೆಯಲ್ಲೇ ಮೈ ಎದ್ದು ಹೊಲಿಗೆ ಜಗ್ಗುವ ಸಂಕಟವೊಂದನ್ನು ಮಾತ್ರ ಹೇಳಲಿಲ್ಲ.

"ಮತ್ತ... ಒಂದೂವರಿ ತಿಂಗಳ ಮಟಾ..." ಎಂದು ಶುರುಮಾಡಿ, ಮುಗಿಸಲಾರದೆ ಗೋಡೆಯ ಕ್ಯಾಲೆಂಡರಿನತ್ತ ನೋಡಿದ. ಶೈಲಜಾಳೂ ಅತ್ತ ನೋಡಿದಳು. ಅವಳ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಅಜ್ಜಿ ಕರುವನ್ನು ಹೊಗಳುತ್ತ ಬಂದಳು, ಹಿಂದೆ ಮಡಿವಾಳೆಪ್ಪ. ಶೈಲಜಾ ಎದ್ದು ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಮುದುಕಿ ಹುಬ್ಬು ಗಂಟಿಕ್ಕಿ, "ಮೊದಲ ಹೇಳಬಾರದೇನ ಹುಚ್ಚಿ?" ಎಂದು ಗದರಿ, ಬೀಗರ ಕಡೆ ತಿರುಗಿದಳು.

"ಮಡಿವಾಳೆಪ್ಪಾ, ಈ ಮುಹೂರ್ತ ಆಗೂದಿಲ್ಲ. ಮುಂದಿಂದು ಹಿಡೀರಿ."

ಮಡಿವಾಳೆಪ್ಪನ ಮುಖ ಬಿಳಿಚಿಕೊಂಡಿತು. "ಯಾಕಬೇ, ನಮ್ಮಿಂದ ಏನರ ತಪ್ಪಾತೇನು? ಇದು ಬಿಟ್ರ ಎರಡ ತಿಂಗಳ ಮಟಾ ಮುಹೂರ್ತ ಇಲ್ಲಲ್ಲ?"

"ಎರಡಾದ್ರ ಎರಡು. ಹುಡುಗಿ ಹೊರಗಾಗೂ ದಿನಾ ಅದರಾಗ ಬರತಾವ."

ಅಷ್ಟೇ. ತಿಂಗಳ ಮುಟ್ಟಿನ ಮಾತು ಬಂದ ಮೇಲೆ ಗಂಡಸರು ಎರಡನೇ ಪ್ರಶ್ನೆ ಕೇಳುವ ರೂಢಿ ಅಲ್ಲಿಲ್ಲ. ಮಡಿವಾಳೆಪ್ಪ ತೊಲೆ ನೋಡಿದ, ನೆಲ ನೋಡಿದ. "ಹಾಂ, ಹಾಂ, ಆತಾತು," ಎನ್ನುತ್ತ ಚಪ್ಪಲಿ ಮೆಟ್ಟಿ ಪಂಚಾಂಗದ ಸ್ವಾಮಿಗಳ ಮನೆಗೆ ಹೊರಟೇಬಿಟ್ಟ.

ಬಸ್ಸಿನ ಹೊತ್ತಾಯಿತು. ಅಜ್ಜಿ ಹೊಸ್ತಿಲು ದಾಟಿದ ಮೇಲೆ ಶೈಲಜಾ ಹಿಂದಿರುಗಿ ಬಂದು ಸುಲಿದ ಮೋಸಂಬಿಯನ್ನು ಶ್ರೀಶೈಲನ ಕೈಗಿಟ್ಟಳು.

"ನಿಮ್ಮ ಸಲುವಾಗಿ ಇಲ್ಲದ ಮುಟ್ಟು ಹೇಳೀನಿ. ಲಗ್ನ ಆದಮ್ಯಾಲ ಖರೇ ಮುಟ್ಟು ಬಂದಾಗ ನಾ ಮಲಗಾಕಿ, ಒಲಿ ಮುಂದ ನೀವು ಕುಂದ್ರಬೇಕು."

"ನನಗ ರೊಟ್ಟಿ ಬಡಿಯಾಕ ಬರೂದಿಲ್ಲ," ಎಂದ ಶ್ರೀಶೈಲ ಗಾಬರಿಯಿಂದ.

"ಎರಡ ತಿಂಗಳ ಖಾಲಿನ ಕುಂದರತೀರಲ್ಲ," ಎಂದಳು ಶೈಲಜಾ, "ಕಲೀರಿ."