ಗಾಯಕ್ಕೆ ಸೆಂಟು

ಡಾಕ್ಟರು ಹೇಳದೆ ಕೇಳದೆ ಬೇಗ ಬಂದುಬಿಟ್ಟಾಗ ಸೊಸೆಯ ಕೈಯಲ್ಲಿ ಸೆಂಟಿನ ಬಾಟಲಿ ಹಾಗೇ ಉಳಿಯಿತು. ಅತ್ತೆಯ ಕಾಲಿನ ಪಟ್ಟಿ ಬಿಚ್ಚಿತ್ತು. ಆಸ್ಪತ್ರೆಯ ಕೋಣೆ ತುಂಬ ಕೊಳೆತ ನಾತ.

ತುಕ್ಕು ಹಿಡಿದ ಗೇಟು ತಾಗಿ ಅತ್ತೆಯ ಮೀನಖಂಡ ಸೀಳಿತ್ತು. ಹೊಲಿಗೆ ಹಾಕಿದ ಮೇಲೆ ಕೀವು ತುಂಬಿ, ಜ್ವರ ಏರಿ, ಕೊಟ್ಟ ಔಷಧಿಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಹತ್ತಿಯಲ್ಲಿ ಒರೆಸಿ ಕಳಿಸಿದ ಕೀವಿನಲ್ಲಿ ಯಾವ ಕ್ರಿಮಿಯೂ ಬೆಳೆಯಲಿಲ್ಲವೆಂದು ಲ್ಯಾಬಿನವರು ಎರಡು ಸಲ ಹೇಳಿದ್ದರು. ಊತ ಇನ್ನೂ ಮೇಲೇರಿದರೆ ಕಾಲು ತೆಗೆಯದೆ ವಿಧಿಯಿಲ್ಲವೆಂದು ಡಾಕ್ಟರು ಹಿಂದಿನ ದಿನವಷ್ಟೇ ಹೇಳಿ ಹೋಗಿದ್ದರು.

ಅತ್ತೆಗೆ ಕಾಲಿಗಿಂತ ಮಾನ ದೊಡ್ಡದು. ಒಂದು ಸುಕ್ಕೂ ಇಲ್ಲದಂತೆ ಬಟ್ಟೆ ಉಟ್ಟು ಬಾಳಿದವರು, ಡಾಕ್ಟರು ಮೂಗು ಮುಚ್ಚಿಕೊಂಡಾರೆಂದು ಹೆದರಿದ್ದರು. ಅದಕ್ಕೇ ಸೊಸೆ ದಿನವೂ ರೌಂಡ್ಸಿಗೆ ಮುಂಚೆ ಪಟ್ಟಿಗೂ ಹಾಸಿಗೆಗೂ ಸೆಂಟು ಸುರಿಯುತ್ತಿದ್ದಳು. ಪಟ್ಟಿ ಬದಲಿಸುವ ನರ್ಸಿಗೆ ಇಂಥ ನಾತ ದಿನ ಬೆಳಗಾದರೆ ಇದ್ದದ್ದೇ, ಅವರೂ ಮಾತೆತ್ತಿರಲಿಲ್ಲ.

ಡಾಕ್ಟರು ಮೂಗು ಮುಚ್ಚಲಿಲ್ಲ. ಬಗ್ಗಿ, ಅಡುಗೆಯ ಹದ ನೋಡುವವರಂತೆ, ಗಾಯದ ಮೇಲೆ ಉಸಿರೆಳೆದುಕೊಂಡರು. ಸೊಸೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಈ ವಾಸನೆ ಮೊದಲಿಂದ್ಲೂ ಇತ್ತೇನಮ್ಮಾ?"

"ಇತ್ತು ಡಾಕ್ಟ್ರೇ. ನಾನೇ ಮುಚ್ಚಿಟ್ಟೆ, ನಿಮಗೆ ಅಸಹ್ಯ ಆಗ್ಬಾರ್ದು ಅಂತ."

"ನಾನು ಹುಡುಕ್ತಿದ್ದದ್ದು ಇದನ್ನೇ. ಈ ನಾತ ಹುಟ್ಟಿಸೋದು ಗಾಳಿ ಸೋಕಿದ್ರೆ ಸಾಯೋ ಕ್ರಿಮಿಗಳು. ಲ್ಯಾಬ್ ಮುಟ್ಟೋ ಹೊತ್ತಿಗೆ ಹತ್ತಿಯಲ್ಲೇ ಸತ್ತಿರ್ತವೆ. ಒಳಗೆ, ಗಾಳಿ ಇಲ್ಲದ ಕಡೆ, ಹಾಯಾಗಿ ಬೆಳೀತಿರ್ತವೆ. ನಾನೂ ಮೊದಲೇ ಮೂಗಿಟ್ಟು ನೋಡ್ಬೇಕಿತ್ತು ಬಿಡಿ."

ಅವರು ಅಲ್ಲೇ ಆಳಕ್ಕೆ ಸೂಜಿ ಇಳಿಸಿ ಕೀವನ್ನು ಸಿರಿಂಜಿಗೆ ಎಳೆದರು. ಗಾಳಿಯ ಗುಳ್ಳೆಯನ್ನೂ ಹೊರದಬ್ಬಿ, ಸಿರಿಂಜಿನ ಬಾಯಿ ಮುಚ್ಚಿ, ತಾವೇ ಲ್ಯಾಬಿಗೆ ಒಯ್ದರು. ಅಂದೇ ಗಾಯದ ಹೊಲಿಗೆ ಬಿಚ್ಚಿ, ಸತ್ತ ಮಾಂಸ ತೆಗೆದು ತೊಳೆದು, ಔಷಧಿ ಬದಲಾಯಿಸಿದರು. ಈ ಸಲ ಲ್ಯಾಬಿನಲ್ಲಿ ಕ್ರಿಮಿ ಬೆಳೆಯಿತು. ಆ ಸುದ್ದಿ ಬರುವಷ್ಟರಲ್ಲಿ ಜ್ವರ ಇಳಿಯತೊಡಗಿತ್ತು. ಊತವೂ ಇಳಿದ ದಿನ ಡಾಕ್ಟರು ಕಾಲು ತೆಗೆಯುವ ಮಾತನ್ನು ವಾಪಸು ಪಡೆದರು. ಸೊಸೆ ಕಾರಿಡಾರಿಗೆ ಹೋಗಿ ಮನಸಾರೆ ಅತ್ತು ಬಂದಳು.

ಕೆಲವು ದಿನಗಳ ಮೇಲೆ ಅತ್ತೆ ಮಂಚದಿಂದ ಕಾಲು ಇಳಿಬಿಟ್ಟು, ನೆಲ ತಣ್ಣಗೆ ಕೊರೆಯುತ್ತಿದೆ, ಬರಿಗಾಲಲ್ಲಿ ಹೇಗೆ ನಡೆಯುವುದೆಂದು ಗೊಣಗಿದರು. ಸೊಸೆ ಕೂಡಲೇ ಗಂಡನಿಗೆ ಫೋನು ಮಾಡಿದಳು.

"ಬರ್ತಾ ಅತ್ತೆ ಚಪ್ಪಲಿ ತನ್ನಿ... ಹೂಂ ರೀ, ಎರಡೂ."