ಅವ್ವನ ರೊಟ್ಟಿಗೆ ಹಿನ್ನೆಲೆ ಸಂಗೀತ

ರಿಯಾ ಎಂಬ ಹೆಸರು ಆ ಸಂಜೆ ಮಗನ ಮೊಬೈಲಿನಲ್ಲಿ ಮತ್ತೆ ಮಿನುಗಿತು. ಗುರುಬಸವ ಓದಿದ, ಮುಗುಳ್ನಕ್ಕ. ರೊಟ್ಟಿ ಬಡಿಯುತ್ತಿದ್ದ ಮಲ್ಲವ್ವನ ಕೈ ಅಲ್ಲೇ ನಿಂತಿತು.

“ಖರೇ ಹೇಳು, ಯಾರಲೇ ಆಕಿ?”

“ಮ್ಯೂಸಿಕ್ ಕಂಪನಿಯಾಕಿ ಬೇ. ಹೆಲ್ಪ್ ಮಾಡ್ಲಾಕತ್ತಾಳ.” ಅಷ್ಟೆಂದು ಮೊಬೈಲ್ ಹಿಡಿದುಕೊಂಡು ಹೊರಗಿನ ಗ್ಯಾಲರಿಗೆ ಹೋದ.

ಹೆಲ್ಪಂತೆ ಹೆಲ್ಪು! ನಾಲ್ಕು ದಿನದಿಂದ ಮುಗಿಯದ ಹೆಲ್ಪು. ಮಲ್ಲವ್ವನಿಗೆ ಇಂಗ್ಲಿಷ್ ಬಾರದು, ನಿಜ. ಆದರೆ ಮದುವೆಯಾದ ಗಂಡಸು ಮೊಬೈಲ್ ನೋಡಿ ನಗುವ ನಗು ಎಂಥದೆಂದು ತಿಳಿಯದಷ್ಟು ದಡ್ಡಿಯೇನಲ್ಲ.

ಎಲ್ಲಕ್ಕೂ ಮೂಲ ಆ ಚಾನೆಲ್ಲು. ಚೆಂಬೂರಿನ ಈ ಪುಟ್ಟ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು, ಎಣಗಾಯಿ ಮಾಡುವುದನ್ನು ವಿಡಿಯೋ ಮಾಡಿ ಹಾಕುವುದು ಗುರುಬಸವನ ಹುಚ್ಚು. ವಾರವೆಲ್ಲ ವಡಾಲದ ಆಫೀಸು, ರಜೆ ಬಂದರೆ ಅಡುಗೆಮನೆಯಲ್ಲಿ ಕ್ಯಾಮೆರಾ. ನೋಡುವವರು ಹೆಚ್ಚಿದರು, ಅವನ ಉಮೇದೂ ಹೆಚ್ಚಿತು. ಹಿನ್ನೆಲೆಗೆ ಸಿನಿಮಾ ಹಾಡು ಹಾಕಿದ. ಹಾಡಿನ ಮಾಲೀಕರು ದೂರು ಕೊಟ್ಟರು. ಬುದ್ಧಿ ಬರಲಿಲ್ಲ, ಇನ್ನೊಂದು ಹಾಕಿದ, ಇನ್ನೊಂದು ದೂರು. ಮತ್ತೊಂದು ಬಂದರೆ ಚಾನೆಲ್ಲೇ ಬಂದ್. ಆಗ ಗಾಬರಿಬಿದ್ದು, ಚಂದಾ ಕಟ್ಟಿದವರು ನಿಶ್ಚಿಂತೆಯಾಗಿ ಬಳಸಬಹುದಾದ ಸಂಗೀತ ಕೊಡುವ ಕಂಪನಿಗಳನ್ನು ಹುಡುಕಿದ. ಮೂರು ಸಿಕ್ಕವು. ಯಾವುದನ್ನು ಆರಿಸುವುದು? ಅವುಗಳಲ್ಲೊಂದರ ಚಾಟಿನಲ್ಲಿ ಕೇಳಿದಾಗ ಉತ್ತರಿಸಿದವಳೇ ಈ ರಿಯಾ.

ಹೆಂಡತಿ ರೂಪಾಲಿ ಮೊದಲ ದಿನವೇ ಹೇಳಿದ್ದಳು. “ಚಂದಾ ನಿಲ್ಲಿಸಿದ ಮ್ಯಾಲೆ ಹಳೇ ವಿಡಿಯೋಕ್ಕ ಏನಾಗ್ತದ ಅಂತ ಮೊದಲ ಕೇಳ್ರಿ. ಮತ್ತ ನಮಗ ಸಣ್ಣ ಪ್ಲ್ಯಾನ್ ಸಾಕು.”

“ಇದರಾಗ ನಿನಗೇನ್ ತಿಳೀತದ? ಸುಮ್ನಿರು.”

ರೂಪಾಲಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ತನ್ನ ಕೆಲಸಕ್ಕೆ ಕೂತಳು. ಅವಳದು ಮನೆಯಿಂದಲೇ ಮಾಡುವ ಕೆಲಸ. ಮಧ್ಯಾಹ್ನ ಲ್ಯಾಪ್‌ಟಾಪ್ ಮುಂದೆ ಕೂತರೆ ರಾತ್ರಿ ಊಟದ ಹೊತ್ತಿಗೇ ಏಳುವುದು. ಏನು ಕೆಲಸ ಎಂದರೆ ‘ಟೈಪಿಂಗ್ ರೀ ಅತ್ತಿ’ ಎನ್ನುವಳು. ಹೆಚ್ಚಿಗೆ ಹೇಳಬಾರದೆಂದು ಆಫೀಸಿನವರ ಕಟ್ಟಪ್ಪಣೆಯಂತೆ. ಗುರುಬಸವನಂತೂ ಒಂದು ದಿನವೂ ಕೇಳಿದವನಲ್ಲ.

ನಿನ್ನೆ ಶನಿವಾರ ಮಧ್ಯಾಹ್ನ ನಡೆದದ್ದೇ ಮಲ್ಲವ್ವನ ತಲೆ ಕೆಡಿಸಿತ್ತು. ರೂಪಾಲಿ ಊಟಕ್ಕೆ ಕರೆದೂ ಕರೆದೂ ಸಾಕಾಗಿ ಕೆಲಸಕ್ಕೆ ಹೋಗಿ ಕೂತಳು. ಇವನು ಕುರ್ಚಿ ಬಿಟ್ಟು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮೊಬೈಲ್ ಟಿಂಗ್ ಎಂದಿತು. ಅವನು ಅವ್ವನಿಗೂ ಕೇಳಲಿ ಎಂದು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದ: “ಸರ್, ಮೊದಲು ಊಟ ಮಾಡಿ ಬನ್ನಿ. ಹಸಿದ ಹೊಟ್ಟೆಯಲ್ಲಿ ಹಾಡು ಆರಿಸಬೇಡಿ.” ಓದಿದವನೇ ಎದ್ದು ಕೈ ತೊಳೆದ!

“ನೋಡ್ಬೇ, ರಿಯಾಂದು ಎಷ್ಟ ಕಾಳಜಿ!”

ಮಲ್ಲವ್ವ ತಾಟನ್ನು ಅವನ ಮುಂದೆ ಕುಕ್ಕಿದ್ದಳು.

ಈಗ ಗ್ಯಾಲರಿಯಿಂದ ಮುಖ ಅರಳಿಸಿಕೊಂಡು ಬಂದ. “ಏನಂದ್ಲು ಗೊತ್ತೇನ್? ರೊಟ್ಟಿ ಬಡಿಯೂಮುಂದ ಸಂಗೀತನ ಬ್ಯಾಡ, ಅವ್ವನ ಕೈ ಸಪ್ಪಳ ಕೇಳ್ಲಿ. ಎಣಗಾಯಿ ಕುದಿಯೂಮುಂದ ಸಣ್ಣಗ ಕೊಳಲು ಹಾಕ್ರಿ ಅಂದ್ಲು. ಎಂಥಾ ತಲಿ ಬೇ ಆಕೀದು!”

“ನಾ ಯಾವಾಗ ಆಕಿಗೆ ಅವ್ವ ಆದೆ?”

“ನಮ್ಮ ವಿಡಿಯೋ ಎಲ್ಲಾ ನೋಡ್ಯಾಳ. ಅದಕ್ಕ.”

“ಹೆಂಡತಿ ಮಾತು ಒಂದ ದಿನಾರ ಹಿಂಗ ಕೇಳೀಯೇನ್?”

“ಅದು ಬ್ಯಾರೆ, ಇದು ಬ್ಯಾರೆ. ಈಕಿ ತಿಳಿದಾಕಿ.”

ತಿಳಿದಾಕಿ! ಮಲ್ಲವ್ವ ಒಲೆ ಆರಿಸಿದಳು. ಹೆತ್ತ ಮಗಳೂ ಇಷ್ಟು ಮಾಡಲಾರಳು ಎನ್ನುವಂತೆ ತನ್ನನ್ನು ನೋಡಿಕೊಂಡ ಸೊಸೆ ರೂಪಾಲಿ. ಅಂಥವಳ ಸಂಸಾರ ಕಣ್ಣೆದುರಿಗೇ ಮುರಿದುಬಿದ್ದರೆ? ಮಗನೆಂದು ಮುಚ್ಚಿಹಾಕುವ ಅತ್ತೆ ತಾನಲ್ಲ. ಏನಾದರಾಗಲಿ, ಹೇಳಿಯೇಬಿಡುವುದು. ಚಹಾ ಮಾಡಿಕೊಂಡು ಹೋಗಿ ಒಳಕೋಣೆಯ ಬಾಗಿಲು ತಟ್ಟಿದಳು.

ಒಳಗೆ ಕೀಬೋರ್ಡಿನ ಟಕಟಕ. ಹಿಂದೆಯೇ ಹೊರಕೋಣೆಯಲ್ಲಿ ಮಗನ ಕಿಸಕ್ಕನೆಯ ನಗು. ಪಾಪ, ಈ ಹುಡುಗಿ ಇಲ್ಲಿ ಬೆರಳು ಸವೆಸುತ್ತಿದೆ, ಅವನಿಗೆ ಅಲ್ಲಿ ಚೈನಿ! ಮಲ್ಲವ್ವನ ಕಣ್ಣಲ್ಲಿ ನೀರು ಬಂತು. ಬಾಗಿಲು ದೂಡಿ ಒಳಹೋದಳು; ರೂಪಾಲಿ ಹೆಡ್‌ಫೋನ್ ತೆಗೆದಳು.

“ರೂಪಾ, ಎದಿ ಗಟ್ಟಿ ಮಾಡ್ಕೊ ನನ್ನವ್ವ. ನಿನ್ನ ಗಂಡ ಕೈ ತಪ್ಲಾಕತ್ತಾನ. ರಿಯಾ ಅಂತ ಯಾವಳೋ ಗಂಟುಬಿದ್ದಾಳ. ನೀ ಹೆದರಬ್ಯಾಡ, ನಾ ನಿನ್ನ ಕಡೆ ಅದೀನಿ. ಇವತ್ತ ಇಬ್ರೂ ಕೂಡಿ ಅವನ್ನ ಕೇಳೇಬಿಡೂನು.”

ರೂಪಾಲಿ ಅತ್ತೆಯ ಮುಖ ನೋಡಿದಳು. ಅಳುತ್ತಾಳೆಂದು ಮಲ್ಲವ್ವ ಹತ್ತಿರ ಸರಿದರೆ, ಅವಳು ದುಪಟ್ಟಾ ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ದುಃಖಕ್ಕೆ ತಲೆಯೇ ಕೆಟ್ಟಿತೇನೋ ಎಂದು ಮಲ್ಲವ್ವನಿಗೆ ದಿಗಿಲಾಯಿತು.

“ಕೂಡ್ರಿ ಅತ್ತಿ.” ರೂಪಾಲಿ ಬಾಗಿಲ ಚಿಲಕ ಹಾಕಿ ಬಂದು, ಲ್ಯಾಪ್‌ಟಾಪಿನಲ್ಲಿ ಏನೋ ಎರಡು ಸಾಲು ಟೈಪ್ ಮಾಡಿದಳು.

ಹೊರಗೆ ಟಿಂಗ್ ಎಂದಿತು. ತುಸು ಹೊತ್ತಿಗೆ ಗುರುಬಸವನ ಕೂಗು ಕೇಳಿತು.

“ಅವ್ವಾ, ಆತು ಬೇ! ರೊಕ್ಕ ಕಟ್ಟಿಬಿಟ್ಟೆ. ಸಣ್ಣ ಪ್ಲ್ಯಾನ್ ಸಾಕು ಅಂದ್ಲು ರಿಯಾ. ಚಂದಾ ನಿಲ್ಲಿಸಿದ್ರೂ ಹಳೇ ವಿಡಿಯೋಕ್ಕ ಏನೂ ಆಗಂಗಿಲ್ಲಂತ. ಇಂಥಾ ಮಾತು ನಮ್ಮ ಮನ್ಯಾಗ ಯಾರಿಗರೆ ಹೊಳೀತದೇನ್?”

ಮಲ್ಲವ್ವ ಲ್ಯಾಪ್‌ಟಾಪ್ ನೋಡಿದಳು, ಸೊಸೆಯ ಮುಖ ನೋಡಿದಳು.

“ರಿಯಾ ಅಂದ್ರ ಗಿರಾಕಿಗಳ ಜೋಡಿ ಚಾಟ್ ಮಾಡ್ಲಾಕ ಕಂಪನಿಯವರು ನನಗ ಇಟ್ಟ ಹೆಸರು ರೀ ಅತ್ತಿ,” ರೂಪಾಲಿ ಪಿಸುಗುಟ್ಟಿದಳು. “ಹೇಳಬ್ಯಾಡ್ರಿ ಮತ್ತ, ಹೆಂಡತಿ ಅಂತ ಗೊತ್ತಾದ್ರ ನಿಮ್ಮ ಮಗಾ ಈಗಿಂದೀಗ ರೊಕ್ಕ ವಾಪಸ್ ಕೊಡ್ರಿ ಅಂತಾರ!”